ಗೋಡೆಗೆ ಮೊಳೆ ಹೊಡೆಯುವ ಮುನ್ನ

ಬೆಂಗಳೂರಿನ ಶಾಂತಿನಗರದಲ್ಲಿ, ಶಾಂತಿ ರಸ್ತೆಯ ಒಂದನೇ ನಂಬರಿನ ಮನೆಗೆ ಬೇರೆ ಹೆಸರಿಲ್ಲ. ವಿಳಾಸವೇ ಹೆಸರು: ‘ಒನ್ ಶಾಂತಿರೋಡ್’. ಕಲಾವಿದರೂ ಕಲಾ ಇತಿಹಾಸಕಾರರೂ ಆದ ಸುರೇಶ್ ಜಯರಾಮ್ 2003ರಲ್ಲಿ ಶುರು ಮಾಡಿದ ಜಾಗ ಇದು. ವಾಸ್ತುಶಿಲ್ಪಿ ಮೀತಾ ಜೈನ್ ಇದನ್ನು ಬಾದಾಮಿ ಮರವೊಂದರ ಸುತ್ತ ಕಟ್ಟಿದ್ದಾರೆ. ಮೊದಲ ಸಲ ಹೋದವರಿಗೆ ಇದು ಯಾರದೋ ಮನೆಯೋ, ಗ್ಯಾಲರಿಯೋ, ಹಾಸ್ಟೆಲ್ಲೋ ತಿಳಿಯದೆ ಗೇಟಿನ ಹತ್ತಿರವೇ ಕಾಲು ತಡೆಯುತ್ತದೆ. ಮೂರೂ ಹೌದು. ಗೋಡೆಯ ಮೇಲೆ ಪ್ರದರ್ಶನ, ಕೋಣೆಗಳಲ್ಲಿ ಎಲ್ಲಿಂದಲೋ ಬಂದು ಉಳಿದ ಕಲಾವಿದರು, ಕೆಲವು ಸಂಜೆ ಸ್ಲೈಡ್ ತೋರಿಸುತ್ತ ಮಾತುಕತೆ. ಟಿಕೆಟ್ ಇಲ್ಲ.

ಸಮಕಾಲೀನ ಕಲೆಯ ಇಂಥ ಜಾಗಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಉದ್ಘಾಟನೆಯ ಫೋಟೋ ಮಾತ್ರ. ದೀಪ ಹಚ್ಚಿದವರು ಯಾರು ಎಂದು ತಿಳಿಯುತ್ತದೆ. ಒಳಗಿನ ಕೆಲಸ ಹೇಗೆ ನಡೆಯುತ್ತದೆ, ಕಲಾವಿದರು ಅಲ್ಲಿಗೆ ಹೇಗೆ ಬಂದರು, ಅವರ ಊಟ–ವಸತಿಯ ಖರ್ಚು ಯಾರದು ಎಂಬುದು ತಿಳಿಯುವುದಿಲ್ಲ. ಧಾರವಾಡ, ಕಲಬುರಗಿ, ಮೈಸೂರು, ದಾವಣಗೆರೆಯ ಕಲಾಶಾಲೆಗಳ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ. ಗೆಳೆಯರ ಪ್ರದರ್ಶನಗಳಿಗೆ ಏಣಿ ಹಿಡಿದು, ಅವರ ಅರ್ಜಿ ತಿದ್ದಿಕೊಟ್ಟು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ರದರ್ಶನ. ಅದನ್ನು ನೋಡಬೇಕಾದರೆ ಉದ್ಘಾಟನೆಯ ಹಿಂದಿನ ದಿನ ಹೋಗಬೇಕು. ಚಿತ್ರಗಳೆಲ್ಲ ನೆಲದ ಮೇಲೆ ಗೋಡೆಗೆ ಒರಗಿ ನಿಂತಿರುತ್ತವೆ. ಫ್ರೇಮಿನ ಮೂಲೆ ಸವೆಯದಿರಲೆಂದು ಕೆಳಗೆ ಥರ್ಮೋಕೋಲ್ ಚೂರೋ ಮಡಿಸಿದ ರಟ್ಟೋ ಇಟ್ಟಿರುತ್ತಾರೆ. ಕಲಾವಿದ ಒಂದು ಮೂಲೆಯಲ್ಲಿ, ಪ್ರದರ್ಶನ ರೂಪಿಸುವ ಕ್ಯುರೇಟರ್ ಇನ್ನೊಂದು ಮೂಲೆಯಲ್ಲಿ. ಅದನ್ನು ಇಲ್ಲಿಡಿ, ಇದನ್ನು ಅಲ್ಲಿಗೆ ಒಯ್ಯಿ ಎನ್ನುತ್ತ ಅರ್ಧ ದಿನ ಕಳೆಯುತ್ತದೆ. ನೋಡುವವರಿಗೆ ಸುಮ್ಮನೆ ಕಾಲಹರಣ ಅನಿಸುತ್ತದೆ. ಆದರೆ ಪ್ರದರ್ಶನ ಗೆಲ್ಲುವುದೋ ಸೋಲುವುದೋ ಈ ಅರ್ಧ ದಿನದಲ್ಲೇ. ದೊಡ್ಡ ಕೆಂಪು ಕ್ಯಾನ್ವಾಸಿನ ಪಕ್ಕ ಅಂಗೈಯಗಲದ ಪೆನ್ಸಿಲ್ ರೇಖಾಚಿತ್ರ ಇಟ್ಟರೆ ಅದು ಸತ್ತೇಹೋಗುತ್ತದೆ. ಅದೇ ರೇಖಾಚಿತ್ರಕ್ಕೆ ಖಾಲಿ ಗೋಡೆಯೊಂದನ್ನು ಪೂರ್ತಿ ಬಿಟ್ಟುಕೊಟ್ಟರೆ ಬಾಗಿಲಲ್ಲಿ ನಿಂತವರೂ ಅದರ ಹತ್ತಿರ ಹೋಗುತ್ತಾರೆ. ಎರಡು ಚಿತ್ರಗಳ ನಡುವೆ ಬಿಡುವ ಖಾಲಿ ಜಾಗಕ್ಕಾಗಿ ಗೆಳೆಯರು ಮಾತು ಬಿಟ್ಟದ್ದನ್ನು ನಾನು ನೋಡಿದ್ದೇನೆ.

ಯಾವುದು ಎಲ್ಲಿ ಎಂದು ತೀರ್ಮಾನವಾದ ಮೇಲೆ ಎತ್ತರದ ಲೆಕ್ಕ. ಚಿತ್ರಗಳ ಮೇಲಂಚನ್ನೋ ಕೆಳಂಚನ್ನೋ ಸಾಲಾಗಿ ಹೊಂದಿಸುವುದಿಲ್ಲ. ಪ್ರತಿ ಚಿತ್ರದ ನಡುಬಿಂದು ನೆಲದಿಂದ ಒಂದೇ ಎತ್ತರದಲ್ಲಿ ಬರಬೇಕು. ಅದು ಸಾಮಾನ್ಯವಾಗಿ 57ರಿಂದ 60 ಇಂಚು, ನಿಂತವರ ಕಣ್ಣಿನ ಮಟ್ಟಕ್ಕೆ. 57 ಎಂದೇ ಇಟ್ಟುಕೊಳ್ಳೋಣ. ಫ್ರೇಮಿನ ಎತ್ತರ 30 ಇಂಚಿದ್ದರೆ ಅದರ ಅರ್ಧ 15. ಕೂಡಿಸಿದರೆ 72, ಅಲ್ಲಿಗೆ ಫ್ರೇಮಿನ ಮೇಲಂಚು ಬರುತ್ತದೆ. ಈಗ ಫ್ರೇಮಿನ ಬೆನ್ನಿಗೆ ಕಟ್ಟಿದ ತಂತಿಯನ್ನು ಬೆರಳಲ್ಲಿ ಮೇಲಕ್ಕೆ ಎಳೆದು ಹಿಡಿಯಿರಿ. ಅದು ಮೇಲಂಚಿನಿಂದ 3 ಇಂಚು ಕೆಳಗೆ ನಿಂತರೆ ಆ ಮೂರನ್ನು ಕಳೆಯಬೇಕು. ಮೊಳೆ 69 ಇಂಚಿಗೆ. ಮೊದಲ ಸಲ ನನ್ನ ಕೈಗೆ ಟೇಪು ಕೊಟ್ಟಾಗ ಈ ಕೊನೆಯ ಕಳೆಯುವ ಲೆಕ್ಕ ಮರೆತೆ. ಹನ್ನೊಂದು ಮೊಳೆ ಹೊಡೆದು, ಹನ್ನೊಂದು ಚಿತ್ರ ತೂಗುಹಾಕಿ, ಹಿಂದೆ ಸರಿದು ನೋಡಿದರೆ ಎಲ್ಲವೂ ಮದುವೆಮನೆಯ ಗೋಡೆಯಲ್ಲಿ ಅಜ್ಜಂದಿರ ಫೋಟೋ ಹಾಕಿದ ಹಾಗೆ ಮೇಲಕ್ಕೆ ಹತ್ತಿ ಕೂತಿದ್ದವು. ಹನ್ನೊಂದು ತೂತಿಗೆ ಪುಟ್ಟಿ ತುಂಬಿ, ಒಣಗಲು ಕಾದು, ಉಪ್ಪುಕಾಗದ ತಿಕ್ಕಿ, ಬಿಳಿ ಬಣ್ಣ ಬಳಿಯುವಷ್ಟರಲ್ಲಿ ರಾತ್ರಿ ಎರಡು ಗಂಟೆ. ಅಂದಿನಿಂದ ಲೆಕ್ಕವನ್ನು ಕಾಗದದಲ್ಲಿ ಬರೆಯದೆ ಸುತ್ತಿಗೆ ಮುಟ್ಟುವುದಿಲ್ಲ.

ಬೆಳಕಿನ ಮಾತು ಬಂದರೆ ಹಲವರು ಸ್ಪಾಟ್‌ಲೈಟ್ ಎಷ್ಟು ಎಂದು ಕೇಳುತ್ತಾರೆ, ಎಷ್ಟು ಕಮ್ಮಿ ಎಂದು ಕೇಳುವವರು ಅಪರೂಪ. ಜಲವರ್ಣ, ಹಳೆಯ ಫೋಟೋ, ಬಟ್ಟೆಯಂಥ ಬೇಗ ಮಾಸುವ ವಸ್ತುಗಳಿಗೆ ಸಂಗ್ರಹಾಲಯಗಳು ಇಟ್ಟುಕೊಂಡ ಮಿತಿ, ಬೆಳಕಿನ ಅಳತೆಯಲ್ಲಿ, ಸುಮಾರು 50 ಲಕ್ಸ್. ತೈಲವರ್ಣಕ್ಕೆ 200ರವರೆಗೆ ಪರವಾಗಿಲ್ಲ. ನಮ್ಮ ಮನೆಗಳ ಕಿಟಕಿ ಪಕ್ಕದಲ್ಲಿ ಹಗಲು ಇದರ ಹತ್ತಾರು ಪಟ್ಟು ಬೆಳಕಿರುತ್ತದೆ. ಬೆಳಕು ಮಾಡುವ ಹಾನಿ ಕೂಡುತ್ತ ಹೋಗುತ್ತದೆ, ಒಮ್ಮೆ ಮಾಸಿದ ಬಣ್ಣ ಕತ್ತಲಲ್ಲಿಟ್ಟರೆ ಮರಳಿ ಬರುವುದಿಲ್ಲ. ಹಳೆಯ ಜಲವರ್ಣಗಳಿರುವ ಕೋಣೆಗೆ ಹೊಕ್ಕಾಗ ಮಬ್ಬುಮಬ್ಬು ಎಂದು ಬೈಯಬೇಡಿ. ಅದು ಕರೆಂಟು ಉಳಿಸುವ ಜಿಪುಣತನವಲ್ಲ.

ಇನ್ನೊಂದು ಶತ್ರು ಮಳೆಗಾಲ. ಕಾಗದ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಜುಲೈ ತಿಂಗಳಲ್ಲಿ ಹೊರಗೋಡೆಗೆ ಅಂಟಿಸಿದಂತೆ ತೂಗುಹಾಕಿದ ಮುದ್ರಣಚಿತ್ರ ವಾರದೊಳಗೆ ಹಪ್ಪಳದ ಹಾಗೆ ಅಲೆಯಲೆಯಾಗುತ್ತದೆ. ಫ್ರೇಮಿನ ಬೆನ್ನಿನ ಕೆಳಮೂಲೆಗಳಿಗೆ ಕಾರ್ಕಿನ ಎರಡು ಬಿಲ್ಲೆ ಅಂಟಿಸಿ ಗೋಡೆಯಿಂದ ಸ್ವಲ್ಪ ಗಾಳಿ ಆಡಲು ಬಿಟ್ಟರೆ ಎಷ್ಟೋ ತಡೆಯಬಹುದು. ದೂರದೂರಿಂದ ಬಂದ ಪೆಟ್ಟಿಗೆಯನ್ನು ದೊಡ್ಡ ಸಂಗ್ರಹಾಲಯಗಳಲ್ಲಿ ಕೂಡಲೇ ಒಡೆಯದೆ ಒಂದು ದಿನ ಹಾಗೇ ಬಿಡುತ್ತಾರೆ, ಒಳಗಿರುವುದು ಆ ಊರಿನ ಹವೆಗೆ ಹೊಂದಿಕೊಳ್ಳಲಿ ಎಂದು. ತೆರೆದ ಕೂಡಲೇ ಪ್ರತಿ ಕೃತಿಯ ಫೋಟೋ ತೆಗೆದು, ಎಲ್ಲಿ ಗೀರಿದೆ, ಎಲ್ಲಿ ಚಕ್ಕೆ ಎದ್ದಿದೆ ಎಂದು ಬರೆದು ಎರಡೂ ಕಡೆಯವರು ಸಹಿ ಹಾಕುತ್ತಾರೆ. ಸಣ್ಣ ಗ್ಯಾಲರಿಗಳಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ಹಾಗಾಗಿ ಕಲಾವಿದರೇ ಮೊಬೈಲಿನಲ್ಲಿ ಫೋಟೋ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಲೇಬಲ್ಲಿನಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ. ಅಳತೆಯಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುತ್ತಾರೆ. ಮೊದಲು ಎತ್ತರ, ಆಮೇಲೆ ಅಗಲ, ಕೊನೆಗೆ ದಪ್ಪ. ತಿರುವುಮುರುವಾದರೆ ಅಡ್ಡಚಿತ್ರ ಉದ್ದಚಿತ್ರವಾಗಿ ಕ್ಯಾಟಲಾಗಿನಲ್ಲಿ ಅಚ್ಚಾಗುತ್ತದೆ. ಬಾಗಿಲ ಪಕ್ಕ ಅಂಟಿಸುವ ದೊಡ್ಡ ಬರಹದ ಬಗ್ಗೆ ಮಾತ್ರ ನನಗೆ ಮೊದಲಿಂದಲೂ ತಕರಾರಿದೆ. ಬೆಂಗಳೂರಿನ ಗ್ಯಾಲರಿಗಳಲ್ಲಿ ಅದು ಬಹುಪಾಲು ಇಂಗ್ಲಿಷಿನಲ್ಲೇ, ಅದೂ ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಎರಡು ಸಲ ಓದಿದರೂ ಹಿಡಿಯದ ಇಂಗ್ಲಿಷಿನಲ್ಲಿ ಇರುತ್ತದೆ. ಓದಿ ಏನೂ ಅರ್ಥವಾಗದಿದ್ದರೆ ತಪ್ಪು ನಿಮ್ಮದೆಂದು ಅಂದುಕೊಳ್ಳಬೇಡಿ. ನೇರ ಕೃತಿಯ ಹತ್ತಿರ ಹೋಗಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೊಳೆಗೆ ತೂಗುವ ಕೃತಿಯ ಮಾತು. ಭದ್ರಾವತಿಯಲ್ಲಿ ಹುಟ್ಟಿದ, ಬೆಂಗಳೂರಿನಲ್ಲಿ ಕೆಲಸ ಮಾಡುವ ಶೀಲಾ ಗೌಡ ಅವರ ‘ಬಿಹೋಲ್ಡ್’ ಎಂಬ ಕೃತಿಗೆ ಮೊಳೆಯ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ದೃಷ್ಟಿಯಾಗದಿರಲೆಂದು ನಮ್ಮ ಲಾರಿ, ಕಾರುಗಳ ಬಂಪರಿಗೆ ಕೂದಲ ಹಗ್ಗ ಕಟ್ಟುತ್ತಾರಲ್ಲ, ದೇವಸ್ಥಾನದಲ್ಲಿ ಹರಕೆಗೆ ತೆಗೆಸಿದ ಮುಡಿಯಿಂದ ಹೆಣೆದದ್ದು, ಆ ಹಗ್ಗವನ್ನೇ ಅವರು ಕಿಲೋಮೀಟರುಗಟ್ಟಲೆ ತಂದರು. ಉಕ್ಕಿನ ಬಂಪರುಗಳನ್ನು ಅದಕ್ಕೆ ಕಟ್ಟಿ ಗೋಡೆಗಳಿಂದ ಇಳಿಬಿಟ್ಟರು. 2009ರ ವೆನಿಸ್ ಬಿಯೆನ್ನಾಲೆಯಲ್ಲಿ, ಅಂದರೆ ಅಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನದಲ್ಲಿ, ಅದು ಪ್ರದರ್ಶನಗೊಂಡಿತು, ಈಗ ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. ಅದನ್ನು ಬೇರೆ ಕೋಣೆಯಲ್ಲಿ ಮತ್ತೆ ತೋರಿಸುವಾಗ ಆ ಕೋಣೆಯ ಗೋಡೆ, ಮೂಲೆ, ಎತ್ತರ ನೋಡಿಕೊಂಡು ಹಗ್ಗವನ್ನು ಹೊಸದಾಗಿ ಹಾಸಬೇಕು. ಇಂಥ ಕೃತಿಗಳ ಜೊತೆ ಒಂದು ಸೂಚನಾಪತ್ರವೂ ಹೋಗುತ್ತದೆ: ಯಾವುದನ್ನು ಮೊದಲು ಕಟ್ಟಬೇಕು, ಗೋಡೆ ಎಷ್ಟು ಭಾರ ತಡೆಯಬೇಕು, ಯಾವುದು ಬದಲಾದರೂ ನಡೆಯುತ್ತದೆ, ಯಾವುದು ಬದಲಾಗಕೂಡದು. ಅಡುಗೆಗೆ ಅಳತೆ ಬರೆದಿಡುವ ಹಾಗೆಯೇ. ಇಂಥ ಪ್ರತಿಷ್ಠಾಪನಾ ಕಲೆ ಮಾಡುವ ಹುಡುಗರು ಈ ಸೂಚನಾಪತ್ರವನ್ನು ಮೊದಲ ಕೃತಿಯಿಂದಲೇ ಬರೆದಿಡಬೇಕು. ಐದು ವರ್ಷದ ನಂತರ ಯಾರಾದರೂ ಕೇಳಿದರೆ ನೆನಪಿನಿಂದ ಕಟ್ಟಲು ಆಗುವುದಿಲ್ಲ.

ಜಾಗ ಸಿಗುವುದು ಹೇಗೆ? ಇದರಲ್ಲಿ ದಾರಿಗಳು ಬೇರೆ ಬೇರೆ, ದುಡ್ಡಿನ ಲೆಕ್ಕವೂ ಬೇರೆ. ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ಸರ್ಕಾರದ್ದು, ಮೈಸೂರು ಅರಮನೆಯ ಕಲಾವಿದ ಕೆ. ವೆಂಕಟಪ್ಪನವರ ಹೆಸರಿನದು. ಇಂಥ ಕಡೆ ಮತ್ತು ಚಿತ್ರಕಲಾ ಪರಿಷತ್ತಿನಂಥ ಸಂಸ್ಥೆಗಳ ಹಾಲುಗಳಲ್ಲಿ ಬಾಡಿಗೆ ಕಟ್ಟಿದವರಿಗೆ ಗೋಡೆ. ಆಹ್ವಾನಪತ್ರಿಕೆಯಿಂದ ಹಿಡಿದು ಕೊನೆಯ ದಿನ ಕಸ ಗುಡಿಸುವವರೆಗೆ ಎಲ್ಲ ನಿಮ್ಮದೇ. ಚಿತ್ರ ಮಾರಾಟವಾದರೆ ಆ ದುಡ್ಡೂ ಬಹುಪಾಲು ನಿಮ್ಮದೇ. ಖಾಸಗಿ ಗ್ಯಾಲರಿಯಲ್ಲಿ ಬಾಡಿಗೆ ಇಲ್ಲ, ಆಯ್ಕೆ ಅವರದು, ಮಾರಾಟವಾದರೆ ಬೆಲೆಯಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಅವರ ಪಾಲು. ಅರ್ಧ ಅಂದರೆ ಅನ್ಯಾಯ ಎಂದು ಹೊಸಬರು ಹೌಹಾರುತ್ತಾರೆ. ಗ್ಯಾಲರಿ ನಿಜವಾಗಿ ಕೊಳ್ಳುವವರನ್ನು ಹುಡುಕಿ, ಕ್ಯಾಟಲಾಗ್ ಅಚ್ಚು ಹಾಕಿಸಿ, ವಿಮೆ ಮಾಡಿಸಿ, ವರ್ಷಗಟ್ಟಲೆ ನಿಮ್ಮ ಹೆಸರು ಹೇಳುತ್ತ ಓಡಾಡಿದರೆ ಅದು ಹೆಚ್ಚಲ್ಲ. ಗೋಡೆ ತೋರಿಸಿ ಕೈಕಟ್ಟಿ ಕೂತರೆ ಹೆಚ್ಚೇ. ಬಾಯಿಮಾತಿನಲ್ಲಿ ಚಿತ್ರ ಬಿಟ್ಟು ಬರಬೇಡಿ. ಯಾವ ಯಾವ ಕೃತಿ, ಬೆಲೆ ಎಷ್ಟು, ಅವರ ಪಾಲು ಎಷ್ಟು, ಮಾರಾಟವಾದ ಎಷ್ಟು ದಿನಕ್ಕೆ ಹಣ, ಉಳಿದದ್ದು ಯಾವಾಗ ಯಾರ ಖರ್ಚಿನಲ್ಲಿ ವಾಪಸ್: ಇಷ್ಟು ಒಂದು ಹಾಳೆಯಲ್ಲಿ ಬರೆಸಿಕೊಂಡರೆ ಸಾಕು. ನನ್ನ ಗೆಳೆಯನೊಬ್ಬ ಹೀಗೆ ಬರೆಸಿಕೊಳ್ಳದೆ ಬೇರೊಂದು ಊರಿನ ಗ್ಯಾಲರಿಗೆ ಆರು ಕ್ಯಾನ್ವಾಸ್ ಕಳಿಸಿ, ಮೂರು ವರ್ಷ ಫೋನು ಮಾಡಿ, ನಾಲ್ಕನ್ನು ವಾಪಸ್ ಪಡೆದ. ಉಳಿದೆರಡು ಎಲ್ಲಿವೆ ಎಂದು ಅವನಿಗೆ ಈಗಲೂ ಗೊತ್ತಿಲ್ಲ.

ಒನ್ ಶಾಂತಿರೋಡಿನಂಥ, ಕಲಾವಿದರೇ ನಡೆಸುವ ಜಾಗಗಳು ಈ ಎರಡಕ್ಕೂ ಸೇರದವು. ಮಾರಾಟ ಅಲ್ಲಿ ಮುಖ್ಯವಲ್ಲ, ಮಾರಲಾಗದ್ದನ್ನು ತೋರಿಸುವುದಕ್ಕೇ ಅವು ಹುಟ್ಟಿದವು. ವಿಡಿಯೊ, ಪರ್ಫಾರ್ಮೆನ್ಸ್, ಒಂದು ಸಂಜೆ ಇದ್ದು ಮರುದಿನ ಇಲ್ಲವಾಗುವ ಕೃತಿಗೆ ಬೇರೆ ಎಲ್ಲಿ ಗೋಡೆ ಸಿಗಬೇಕು? ಹಣ ಬರುವುದು ಅನುದಾನ, ವಿದೇಶಿ ಸಾಂಸ್ಕೃತಿಕ ಸಂಸ್ಥೆಗಳ ಸಹಯೋಗ, ಸ್ನೇಹಿತರ ಕೈಯಿಂದ. ಈ ವರ್ಷ ಇದ್ದದ್ದು ಬರುವ ವರ್ಷ ಇಲ್ಲದಿರಬಹುದು.

ದೊಡ್ಡ ದುಡ್ಡು, ದೊಡ್ಡ ತಂಡ ಇದ್ದರೂ ಕೊನೆ ಗಳಿಗೆಯಲ್ಲಿ ಎಡವುವುದುಂಟು. 2012ರ ಡಿಸೆಂಬರ್ 12ರಂದು ಶುರುವಾದ ಕೊಚ್ಚಿ ಬಿಯೆನ್ನಾಲೆಯ ಐದನೇ ಆವೃತ್ತಿ 2022ರ ಡಿಸೆಂಬರ್ 12ಕ್ಕೆ ತೆರೆಯಬೇಕಿತ್ತು. ಕಲಾವಿದರು ಊರಿಗೆ ಬಂದಿಳಿದ ಮೇಲೆ 23ಕ್ಕೆ ಮುಂದೂಡಿದರು. ಸರಕು ತಲುಪಲು ತಡ, ಮಳೆ ಬೇರೆ. ಸಣ್ಣ ಪ್ರದರ್ಶನಕ್ಕೂ ಇದರಿಂದ ಕಲಿಯುವುದಿದೆ: ಸಾಗಣೆಗೆ ಹೇಳಿದ ದಿನಕ್ಕೆ ಒಂದು ವಾರ ಸೇರಿಸಿಯೇ ಆಹ್ವಾನಪತ್ರಿಕೆ ಅಚ್ಚು ಹಾಕಿಸಿ.

ಗೋಡೆಗೆ ಬರುವ ಮುನ್ನ ಕೃತಿ ಎಲ್ಲಿತ್ತು? ಯಾರದೋ ಬಾಡಿಗೆ ಮನೆಯ ಹಜಾರದಲ್ಲಿ, ಮಂಚದ ಕೆಳಗೆ. ಹಗಲೆಲ್ಲ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ, ರಾತ್ರಿ ಮಕ್ಕಳು ಮಲಗಿದ ಮೇಲೆ ಕೆಲಸ ಮಾಡುವವರೇ ನಮ್ಮಲ್ಲಿ ಹೆಚ್ಚು. ರೆಸಿಡೆನ್ಸಿ ಎಂಬ ಏರ್ಪಾಟು ಕೊಡುವುದು ಇವರಿಗೆ ಇಲ್ಲದ್ದನ್ನು, ಅಂದರೆ ಬೇರೆ ಊರಲ್ಲಿ ಒಂದು ಕೋಣೆ, ಕೆಲಸಕ್ಕೊಂದು ಜಾಗ, ಎರಡು ವಾರದಿಂದ ಮೂರು ತಿಂಗಳವರೆಗೆ ಯಾರೂ ಬಾಗಿಲು ಬಡಿಯದ ಸಮಯ. ಕೆಲವು ಕಡೆ ಊಟ, ಪ್ರಯಾಣ, ಸಾಮಗ್ರಿಯ ಖರ್ಚು, ಕೈಖರ್ಚಿಗೆ ಒಂದಿಷ್ಟು ಹಣ ಸಹ.

ನಮ್ಮಲ್ಲಿ ಇದನ್ನು ಕಲಾಶಿಬಿರ ಎಂದು ತಿಳಿಯುವವರು ಹೆಚ್ಚು. ಅಕಾಡೆಮಿಯೋ ಮಠವೋ ರೆಸಾರ್ಟಿನವರೋ ಏರ್ಪಡಿಸುವ ಶಿಬಿರ ಎಲ್ಲರಿಗೂ ಗೊತ್ತಿದೆ. ಐದೋ ಏಳೋ ದಿನ, ಇಪ್ಪತ್ತು ಜನ, ಒಂದೇ ಅಳತೆಯ ಕ್ಯಾನ್ವಾಸು, ಮೂರು ಹೊತ್ತು ಒಳ್ಳೆ ಊಟ, ಕೊನೆಯ ದಿನ ಗ್ರೂಪ್ ಫೋಟೋ. ಹೊರಡುವಾಗ ಬರೆದ ಚಿತ್ರ ಏರ್ಪಡಿಸಿದವರಿಗೆ ಬಿಟ್ಟು ಗೌರವಧನ ಪಡೆದು ಬರುವುದು. ತಪ್ಪೇನಿಲ್ಲ, ನಾನೂ ಹಲವು ಶಿಬಿರಗಳಲ್ಲಿ ಉಂಡಿದ್ದೇನೆ. ಆದರೆ ಅಲ್ಲಿ ಮುಗಿದ ಚಿತ್ರವೊಂದು ಬೇಕೇ ಬೇಕಾದ್ದರಿಂದ ಕಲಾವಿದ ತನಗೆ ಈಗಾಗಲೇ ಬರುವುದನ್ನೇ ಮತ್ತೊಮ್ಮೆ ಬರೆದುಕೊಡುತ್ತಾನೆ. ಕೈ ನಡುಗುವ ಹೊಸ ಪ್ರಯೋಗಕ್ಕೆ ಐದು ದಿನ ಯಾರು ಧೈರ್ಯ ಮಾಡುತ್ತಾರೆ? ಒಳ್ಳೆಯ ರೆಸಿಡೆನ್ಸಿಯಲ್ಲಿ ಕೊನೆಗೆ ಏನೂ ಮುಗಿಯದಿದ್ದರೂ ನಡೆಯುತ್ತದೆ. ಆರು ವಾರ ಊರು ಸುತ್ತಿ, ಟಿಪ್ಪಣಿ ಬರೆದು, ಎರಡು ಪ್ರಯೋಗ ಕೆಡಿಸಿ ಮನೆಗೆ ಬಂದವರು ಅದರ ಫಲವನ್ನು ಎರಡು ವರ್ಷದ ನಂತರ ಉಣ್ಣುತ್ತಾರೆ. ನಮ್ಮ ಚಾತುರ್ಮಾಸ್ಯಕ್ಕೇ ಇದು ಹತ್ತಿರ: ತಿರುಗಾಡುವ ಯತಿ ಮಳೆಗಾಲಕ್ಕೆ ಒಂದೂರಲ್ಲಿ ನಿಲ್ಲುತ್ತಾನೆ, ಊರವರು ನೋಡಿಕೊಳ್ಳುತ್ತಾರೆ, ಹೊರಡುವಾಗ ಏನು ಸಾಧಿಸಿದಿರಿ ಎಂದು ಲೆಕ್ಕ ಕೇಳುವುದಿಲ್ಲ.

ಕಲಾಲೋಕದಲ್ಲಿ ಇದು ಹಳೆಯ ಪದ್ಧತಿಯೇ. ಫ್ರಾನ್ಸಿನ ಹದಿನಾಲ್ಕನೇ ಲೂಯಿ ಕಾಲದಲ್ಲಿ, 1666ರಲ್ಲಿ, ಅಲ್ಲಿಯ ಯುವ ಕಲಾವಿದರನ್ನು ರೋಮಿಗೆ ಕಳಿಸಿ ವರ್ಷಗಟ್ಟಲೆ ಇರಿಸುವ ಅಕಾಡೆಮಿ ಶುರುವಾಯಿತು, ವಿಲ್ಲಾ ಮೆಡಿಚಿಯಲ್ಲಿ ಅದು ಈಗಲೂ ನಡೆಯುತ್ತಿದೆ. ನನಗೆ ಹೆಚ್ಚು ಇಷ್ಟವಾದದ್ದು ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಮ್ಯಾಕ್‌ಡೊವೆಲ್. ಸಂಗೀತ ಸಂಯೋಜಕ ಎಡ್ವರ್ಡ್ ಮ್ಯಾಕ್‌ಡೊವೆಲ್, ಪಿಯಾನೋ ವಾದಕಿಯಾಗಿದ್ದ ಅವರ ಹೆಂಡತಿ ಮೇರಿಯನ್ ಇಬ್ಬರೂ ಸೇರಿ 1907ರಲ್ಲಿ ತಮ್ಮ ತೋಟದಲ್ಲಿ ಕಟ್ಟಿದ್ದು. ಕಾಡಿನ ನಡುವೆ ಒಂದಕ್ಕೊಂದು ಕಾಣದಷ್ಟು ದೂರದಲ್ಲಿ ಸ್ಟುಡಿಯೋಗಳು. ಮಧ್ಯಾಹ್ನದ ಊಟ ಬುಟ್ಟಿಯಲ್ಲಿ ಬರುತ್ತದೆ, ತಂದವರು ಬಾಗಿಲಲ್ಲಿಟ್ಟು ಸದ್ದು ಮಾಡದೆ ಹೋಗುತ್ತಾರೆ. ಪ್ರತಿ ಸ್ಟುಡಿಯೋದಲ್ಲೂ ಮರದ ಹಲಗೆಗಳು ತೂಗುತ್ತವೆ, ಅಲ್ಲಿ ಇದ್ದುಹೋದವರು ತಮ್ಮ ಹೆಸರು, ದಿನಾಂಕ ಬರೆದುಹೋಗಬೇಕು. ಆ ಹಲಗೆಗಳಿಗೆ ಅಲ್ಲಿಯವರು ‘ಸಮಾಧಿಗಲ್ಲು’ ಎಂಬರ್ಥದ ಅಡ್ಡಹೆಸರಿಟ್ಟಿದ್ದಾರೆ.

ನಮ್ಮ ದೇಶದಲ್ಲಿ ರೆಸಿಡೆನ್ಸಿ ಎಂಬ ಮಾತು ಕಲಾವಿದರ ಬಾಯಲ್ಲಿ ರೂಢಿಯಾಗುವಂತೆ ಮಾಡಿದ್ದರಲ್ಲಿ ದೆಹಲಿಯ ಖೋಜ್ ಸಂಸ್ಥೆ ದೊಡ್ಡ ಹೆಸರು. 1997ರಲ್ಲಿ ಉತ್ತರ ಪ್ರದೇಶದ ಮೋದಿನಗರದಲ್ಲಿ ಕಲಾವಿದರೇ ಕೂಡಿ ನಡೆಸಿದ ಕಾರ್ಯಾಗಾರದಿಂದ ಅದು ಹುಟ್ಟಿತು. ಬ್ರಿಟನ್ನಿನ ರಾಬರ್ಟ್ ಲೋಡರ್ ಮತ್ತು ಶಿಲ್ಪಿ ಆಂಟನಿ ಕಾರೊ 1982ರಲ್ಲಿ ಆರಂಭಿಸಿದ್ದ ಟ್ರಯಾಂಗಲ್ ಎಂಬ ಕಾರ್ಯಾಗಾರಗಳ ಜಾಲದ ಒಂದು ಎಳೆ ಅದು. ಆಮೇಲೆ ಖೋಜ್ ದಕ್ಷಿಣ ದೆಹಲಿಯ ಖಿಡ್ಕಿಯಲ್ಲಿ ನೆಲೆ ಮಾಡಿತು. ರಸ್ತೆಯ ಒಂದು ಬದಿ ಸಾಕೇತದ ಹೊಳೆಯುವ ಮಾಲುಗಳು, ಇನ್ನೊಂದು ಬದಿ ಎರಡು ಸ್ಕೂಟರ್ ಎದುರಾದರೆ ನಿಲ್ಲುವ ಗಲ್ಲಿಗಳು. ಅಲ್ಲಿಗೆ ಬಂದ ಕಲಾವಿದ ಬಯಸಿದರೂ ಕೋಣೆಯೊಳಗೇ ಇರಲಾಗದು, ಗಲ್ಲಿಯ ಟೈಲರು, ಪಾನ್ ಅಂಗಡಿ, ಬಾಡಿಗೆದಾರರು ಕೃತಿಯೊಳಗೆ ಬಂದೇ ಬರುತ್ತಾರೆ. ಕಲಾಶಾಲೆಯಿಂದ ಆಗಷ್ಟೇ ಹೊರಬಿದ್ದವರಿಗಾಗಿ ಖೋಜ್ ‘ಪಿಯರ್ಸ್’ ಎಂಬ ರೆಸಿಡೆನ್ಸಿ ನಡೆಸುತ್ತ ಬಂದಿದೆ. ಕೆಲವೇ ಕಲಾವಿದರು, ಜೊತೆಗೆ ಅವರನ್ನು ನೋಡಿ ಬರೆಯಲು ಒಬ್ಬ ಯುವ ವಿಮರ್ಶಕ. ಬರೆಯುವವರಿಗೂ ರೆಸಿಡೆನ್ಸಿ ಇದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ.

ಬೆಂಗಳೂರಿನಲ್ಲಿ ಕಲಾವಿದರು ಕೂಡಿ ಕಟ್ಟಿದ ಇನ್ನೊಂದು ರೆಸಿಡೆನ್ಸಿಯ ಹೆಸರು ‘ಬಾರ್ ಒನ್’. ಬೆಂಗಳೂರು ಆರ್ಟಿಸ್ಟ್ ರೆಸಿಡೆನ್ಸಿ ಒನ್ ಎಂಬುದರ ಚಿಕ್ಕರೂಪ. ಇಂಥ ಹೆಸರು ಹೇಳಿದರೆ ಆಟೋದವರು ಎಲ್ಲಿಗೆ ಕರೆದೊಯ್ದಾರು ಎಂದು ಇಟ್ಟವರು ಯೋಚಿಸಿದ್ದರೋ ಇಲ್ಲವೋ. ಗೋಯೆಥೆ ಇನ್‌ಸ್ಟಿಟ್ಯೂಟ್, ಅಂದರೆ ನಮ್ಮ ಮ್ಯಾಕ್ಸ್‌ಮುಲ್ಲರ್ ಭವನ, ಜರ್ಮನಿಯ ಕಲಾವಿದರನ್ನು ಕರೆಸಿ ಬೆಂಗಳೂರಿನ ಬೇರೆ ಬೇರೆ ಸಂಸ್ಥೆಗಳಲ್ಲಿ ಇರಿಸುವ ಕಾರ್ಯಕ್ರಮ ನಡೆಸಿದೆ. ಕೊಚ್ಚಿಯಲ್ಲಿ ಬಿಯೆನ್ನಾಲೆ ಪ್ರತಿಷ್ಠಾನದ್ದೇ ರೆಸಿಡೆನ್ಸಿ ಪೆಪ್ಪರ್ ಹೌಸ್ ಎಂಬ ಹಳೆಯ ಗೋದಾಮಿನಲ್ಲಿ ನಡೆದಿದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಅಕಾಡೆಮಿಯಂಥ ಕಡೆ ಅವಧಿ ಎರಡು ವರ್ಷ, ಪೈಪೋಟಿಯೂ ಅದಕ್ಕೆ ತಕ್ಕ ಹಾಗೆ.

ಅರ್ಜಿಯ ವಿಷಯಕ್ಕೆ ಬರೋಣ. ಸಂಸ್ಥೆ ತನ್ನ ವೆಬ್‌ಸೈಟಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ‘ಓಪನ್ ಕಾಲ್’ ಹಾಕುತ್ತದೆ. ಕೇಳುವುದು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ: ನಿಮ್ಮ ಕೃತಿಗಳ ಹತ್ತು ಹದಿನೈದು ಫೋಟೋ, ನಿಮ್ಮ ಕೆಲಸದ ಬಗ್ಗೆ ಒಂದು ಪುಟ, ಅಲ್ಲಿ ಏನು ಮಾಡಬೇಕೆಂದಿದ್ದೀರಿ ಎಂಬುದಕ್ಕೆ ಇನ್ನೊಂದು ಪುಟ, ಓದು–ಪ್ರದರ್ಶನಗಳ ಪಟ್ಟಿ, ನಿಮ್ಮನ್ನು ಬಲ್ಲ ಇಬ್ಬರ ಹೆಸರು. ಆಯ್ಕೆಗೆ ಕೂತವರು ಒಂದು ಮಧ್ಯಾಹ್ನದಲ್ಲಿ ನೂರಾರು ಅರ್ಜಿ ನೋಡಬೇಕಾಗುತ್ತದೆ. ಮೊದಲು ಫೋಟೋ ನೋಡುತ್ತಾರೆ, ಅದು ಹಿಡಿಸಿದರೆ ಮಾತ್ರ ಬರಹ. ಹಾಗಾಗಿ ಫೋಟೋಗೆ ಒಂದು ದಿನ ಕೊಡಿ. ಮೋಡದ ದಿನ ಬಯಲಿನ ನೆರಳಲ್ಲಿ, ಫ್ಲ್ಯಾಶ್ ಹಾಕದೆ, ಗಾಜು ತೆಗೆದು, ಚಿತ್ರಕ್ಕೆ ನೇರ ನಿಂತು ತೆಗೆದದ್ದು ಸಾಕು. ಪಕ್ಕದಲ್ಲಿ ಟೀಪಾಯಿ, ಕ್ಯಾಲೆಂಡರು ಕಾಣಕೂಡದು. ಹೊಸ ಹದಿನೈದು ಕೃತಿ ಇಲ್ಲದಿದ್ದರೆ ಒಳ್ಳೆಯ ಎಂಟೇ ಇರಲಿ, ಕಾಲೇಜಿನ ಸ್ಟಿಲ್‌ಲೈಫ್ ತುರುಕಬೇಡಿ.

ಬರಹದಲ್ಲಿ ಹುಡುಗರು ಕೆಡುವುದು ಹೆಚ್ಚು. ‘ನಾನು ಪ್ರಕೃತಿ ಮತ್ತು ಮಾನವನ ಸಂಬಂಧವನ್ನು ಅನ್ವೇಷಿಸಲು ಬಯಸುತ್ತೇನೆ’ ಎಂಬ ವಾಕ್ಯವನ್ನು ಎಷ್ಟು ಅರ್ಜಿಗಳಲ್ಲಿ ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಗದಗದ ಕಡೆಯ ಹುಡುಗಿಯೊಬ್ಬಳು ಇದೇ ವಾಕ್ಯದಿಂದ ಶುರು ಮಾಡಿದ್ದಳು. ‘ಅಲ್ಲವ್ವಾ, ನೀ ಖರೇನೇ ಏನು ಮಾಡಾಕ್ಹತ್ತೀದಿ?’ ಎಂದು ಕೇಳಿದೆ. ‘ನಮ್ಮವ್ವ ಕೌದಿ ಹೊಲೀತಾಳ್ರಿ. ಹಳೇ ಸೀರಿ ಎಲ್ಲಾ ಅದರಾಗ ಇರ್ತಾವು. ಯಾವ ಸೀರಿ ಯಾರದು ಅಂತ ಆಕಿಗೆ ಗೊತ್ತದ. ಅದನ್ನೆಲ್ಲ ಬರಕೊಂಡೀನ್ರಿ’ ಎಂದಳು. ಅದನ್ನೇ ಬರೆ ಎಂದೆ. ಕೌದಿಯ ಒಂದೊಂದು ತುಂಡಿನ ಒಡತಿಯ ಹೆಸರು, ಸೀರೆ ಕೊಂಡ ಸಂತೆ, ಹರಿದ ವರ್ಷ. ದೊಡ್ಡ ನಗರದಲ್ಲಿ ಬಟ್ಟೆ ಕತ್ತರಿಸುವ ಕಾರ್ಖಾನೆಯ ಚಿಂದಿಗೂ ಹೀಗೆ ಹೆಸರು ಹುಡುಕಲು ಸಾಧ್ಯವೇ ಎಂಬ ಪ್ರಶ್ನೆ. ಒಂದು ಪುಟ ತುಂಬಲಿಲ್ಲ, ಮುಕ್ಕಾಲು ಪುಟವೇ ಆಯಿತು. ಆಯ್ಕೆಯಾದಳು.

ಆ ಪುಟದಲ್ಲಿ ಇನ್ನೊಂದು ವಿಷಯವೂ ಇರಬೇಕು, ಆ ಜಾಗವೇ ಯಾಕೆ ಎಂಬುದು. ಅಲ್ಲಿ ಎಚಿಂಗ್ ಪ್ರೆಸ್ ಇದೆಯೇ, ಕುಲುಮೆ ಇದೆಯೇ, ಪಕ್ಕದಲ್ಲಿ ಮೀನು ಮಾರುಕಟ್ಟೆ ಇದೆಯೇ ಎಂದು ಮೊದಲು ತಿಳಿದುಕೊಂಡು ಬರೆದವರ ಅರ್ಜಿ ಬೇರೆಯಾಗಿ ಕಾಣುತ್ತದೆ.

ಆಯ್ಕೆಯ ಪತ್ರ ಬಂದ ಖುಷಿಯಲ್ಲಿ ಕೂಡಲೇ ಹ್ಞೂಂ ಅನ್ನಬೇಡಿ. ಪ್ರಯಾಣ ಯಾರ ಖರ್ಚು? ಊಟ ಅವರದೋ, ಅಡುಗೆಮನೆ ಮಾತ್ರವೋ? ಕೈಖರ್ಚಿನ ಹಣ ಮೊದಲೇ ಕೊಡುತ್ತಾರೋ, ಬಿಲ್ಲು ತೋರಿಸಿದ ಮೇಲೋ? ಕೋಣೆ ಒಬ್ಬರಿಗೋ, ಹಂಚಿಕೊಳ್ಳಬೇಕೋ? ಅಲ್ಲಿ ಮಾಡಿದ ಕೃತಿ ಯಾರದು? ಒಂದು ಕೃತಿ ಬಿಟ್ಟುಹೋಗಬೇಕೆಂಬ ಷರತ್ತಿದ್ದರೆ ಆಯ್ಕೆ ಯಾರದು? ಹೆಣ್ಣುಮಕ್ಕಳು ರಾತ್ರಿ ಸ್ಟುಡಿಯೋದಿಂದ ಕೋಣೆಗೆ ಹೋಗುವ ದಾರಿ ಹೇಗಿದೆ ಎಂದೂ, ಚಿಕ್ಕ ಮಗುವಿರುವವರು ಮಗುವನ್ನು ಕರೆತರಬಹುದೇ ಎಂದೂ ನಾಚಿಕೆಯಿಲ್ಲದೆ ಕೇಳಬೇಕು. ವಿದೇಶವಾದರೆ ವೀಸಾಕ್ಕೆ ಬೇಕಾದ ಆಹ್ವಾನಪತ್ರವನ್ನು ಎರಡು ಮೂರು ತಿಂಗಳ ಮುಂಚೆಯೇ ತರಿಸಿಕೊಳ್ಳಿ.

ಇನ್ನು, ಕಲಾವಿದರಿಂದಲೇ ಹಣ ಕೇಳುವ ರೆಸಿಡೆನ್ಸಿಗಳಿವೆ, ವಿದೇಶದಲ್ಲಂತೂ ಬೇಕಾದಷ್ಟು. ವಾರಕ್ಕೆ ಇಷ್ಟು ಯೂರೋ, ಕೊನೆಗೊಂದು ಪ್ರಮಾಣಪತ್ರ. ಎಲ್ಲವೂ ಮೋಸವಲ್ಲ, ಕೆಲವಲ್ಲಿ ನಿಜವಾಗಿಯೂ ಒಳ್ಳೆಯ ಕಾರ್ಯಾಗಾರಗಳಿರುತ್ತವೆ. ಆದರೂ ಅಪ್ಪನ ಹೊಲದ ಮೇಲೆ ಸಾಲ ಮಾಡಿ ಅಲ್ಲಿಗೆ ಹೋಗುವಂಥದ್ದು ಏನೂ ಇಲ್ಲ. ಹಿಂದೆ ಅಲ್ಲಿಗೆ ಹೋಗಿಬಂದ ಇಬ್ಬರಿಗೆ ಇಮೇಲ್ ಬರೆದು ಕೇಳಿ. ಕಲಾವಿದರು ಇಂಥ ವಿಷಯದಲ್ಲಿ ಸತ್ಯ ಹೇಳುತ್ತಾರೆ.

ಹೋದ ಮೇಲೆ ಮೊದಲ ವಾರ ಏನೂ ತೋಚುವುದಿಲ್ಲ. ಎಲ್ಲರಿಗೂ ಹಾಗೇ. ಅರ್ಜಿಯಲ್ಲಿ ಬರೆದದ್ದು ಅಲ್ಲಿಯ ಬಿಸಿಲಿಗೆ ಬೇರೆಯಾಗಿ ಕಾಣುತ್ತದೆ, ಬದಲಾಯಿಸಿದರೆ ಯಾರೂ ಬೈಯುವುದಿಲ್ಲ. ನಡುವೆ ಕ್ಯುರೇಟರ್‌ಗಳು, ಸ್ಥಳೀಯ ಕಲಾವಿದರು ಸ್ಟುಡಿಯೋಗೆ ಬಂದು ಕೂತು ಮಾತಾಡುತ್ತಾರೆ. ಮುಂದಿನ ಪ್ರದರ್ಶನಗಳು ಹುಟ್ಟುವುದು ಇಂಥ ಭೇಟಿಗಳಲ್ಲೇ ಹೆಚ್ಚು. ಕೊನೆಯಲ್ಲಿ ‘ಓಪನ್ ಸ್ಟುಡಿಯೋ’. ಬಾಗಿಲು ತೆರೆದಿಡುತ್ತಾರೆ, ಅರ್ಧ ಆದದ್ದು, ಕೆಟ್ಟದ್ದು, ಗೋಡೆಗೆ ಚುಚ್ಚಿದ ಚೀಟಿಗಳು ಎಲ್ಲವನ್ನೂ ಜನ ಬಂದು ನೋಡುತ್ತಾರೆ. ಮುಗಿದ ಪ್ರದರ್ಶನಕ್ಕಿಂತ ನನಗೆ ಇದೇ ಹೆಚ್ಚು ಇಷ್ಟ. ಕಲಾವಿದರು ಅಲ್ಲೇ ನಿಂತಿರುತ್ತಾರೆ, ‘ಇದೇನ್ರೀ?’ ಎಂದು ಕೇಳಿದರೆ ಕೂತು ಹೇಳುತ್ತಾರೆ.

ಭಾಷೆಯ ಭಯದಿಂದ ಅರ್ಜಿಯನ್ನೇ ಹಾಕದೆ ಕೂತವರಿಗೆ ಒಂದು ಮಾತು. ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಸ್ಥಾಪನೆಯಾಗಿ, 1995ರಿಂದ ದೇಶದಾದ್ಯಂತ ಕಲಾವಿದರಿಗೆ, ಸಂಶೋಧಕರಿಗೆ ಅನುದಾನ ಕೊಡುತ್ತಿದೆ. ಅದು ರೆಸಿಡೆನ್ಸಿಯಲ್ಲ, ನಿಮ್ಮೂರಲ್ಲೇ ಕೂತು ಮಾಡುವ ಕೆಲಸಕ್ಕೂ ಹಣ ಕೊಡುತ್ತದೆ. ಅಲ್ಲಿಗೆ ಪ್ರಪೋಸಲ್ಲನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ಬೇರೆ ಸಂಸ್ಥೆಗಳಿಗೂ ಬರೆಯುವ ಮುಂಚೆ, ಕನ್ನಡದಲ್ಲಿ ಕೊಟ್ಟರೆ ನಡೆಯುತ್ತದೆಯೇ ಎಂದು ಒಂದು ಸಾಲಿನ ಇಮೇಲ್ ಹಾಕಿ ಕೇಳಿ. ಕೇಳುವವರು ಹೆಚ್ಚಾದರೆ ಅವರೂ ವ್ಯವಸ್ಥೆ ಮಾಡಿಕೊಳ್ಳುತ್ತಾರೆ.